ರಕ್ತದಲ್ಲೇ ಈಜಾಡುತ್ತ ಕೈಗೆ ಸಿಗದ ಜೀವಿ: ನಿದ್ರಾರೋಗದ ಪರಾವಲಂಬಿಯ ಕಥೆ

1910ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಆಸ್ಪತ್ರೆಯೊಂದರಲ್ಲಿ ಒಬ್ಬ ಯುವಕ ಮಲಗಿದ್ದ. ಆಫ್ರಿಕಾದ ಉತ್ತರ ರೊಡೇಷಿಯಾದಲ್ಲಿ, ಎಂದರೆ ಇಂದಿನ ಜಾಂಬಿಯಾದಲ್ಲಿ, ಅವನಿಗೆ ನಿದ್ರಾರೋಗ ಅಂಟಿತ್ತು. ಇಬ್ಬರು ವೈದ್ಯರು ದಿನವೂ ಅವನ ಒಂದಿಷ್ಟು ರಕ್ತ ತೆಗೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರೊಳಗೆ ಮಿಸುಕಾಡುವ ಪರಾವಲಂಬಿಗಳನ್ನು ಒಂದೊಂದಾಗಿ ಎಣಿಸಿ ಬರೆದಿಡುತ್ತಿದ್ದರು. ಒಬ್ಬರು ಡೇವಿಡ್ ಥಾಮ್ಸನ್. ಇನ್ನೊಬ್ಬರ ಹೆಸರು ನಮಗೆಲ್ಲ ಶಾಲೆಯಿಂದಲೇ ಗೊತ್ತು: ರೊನಾಲ್ಡ್ ರಾಸ್. ಅಲ್ಮೋಡಾದಲ್ಲಿ ಹುಟ್ಟಿದ, 1895ರಲ್ಲಿ ಕಾಲರಾ ತಡೆಯುವ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ, 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡ ಅದೇ ರಾಸ್.

ಅವರು ಎಣಿಸಿದ ಅಂಕಿಗಳನ್ನು ನಕ್ಷೆಯ ಹಾಳೆಯ ಮೇಲೆ ಗುರುತಿಸಿದಾಗ ಒಂದು ವಿಚಿತ್ರ ಕಾಣಿಸಿತು. ಪರಾವಲಂಬಿಗಳ ಸಂಖ್ಯೆ ನಾಲ್ಕೈದು ದಿನ ಏರುತ್ತ ಹೋಗಿ, ತಟ್ಟನೆ ಇಳಿದು, ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಏರುತ್ತಿತ್ತು. ಸುಮಾರು ವಾರಕ್ಕೊಂದು ಅಲೆ. ರೋಗಿಯ ಜ್ವರವೂ ಅದರ ಹಿಂದೆಯೇ ಏರಿ ಇಳಿಯುತ್ತಿತ್ತು. ದೇಹ ಪ್ರತಿ ವಾರ ಗೆಲ್ಲುತ್ತಿತ್ತು, ಪ್ರತಿ ವಾರ ಸೋಲುತ್ತಿತ್ತು. ಕೊನೆಗೆ ಆ ಯುವಕ ಬದುಕಲಿಲ್ಲ.

ಆ ಅಲೆಗಳ ಅರ್ಥ ಬಿಡಿಸಲು ವಿಜ್ಞಾನಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಬಿಡಿಸುತ್ತ ಹೋದಂತೆ ಜೀವಶಾಸ್ತ್ರದ ಅತ್ಯಂತ ಅಚ್ಚರಿಯ ಸಂಗತಿಗಳಲ್ಲಿ ಕೆಲವು ಈ ಒಂದೇ ಜೀವಕೋಶದ ಪ್ರಾಣಿಯಲ್ಲಿ ಸಿಕ್ಕಿದವು. ನಮ್ಮ ದೇಶದ ಒಬ್ಬ ರೈತನೂ ಈ ಕಥೆಯಲ್ಲಿ ಬರುತ್ತಾನೆ.

ಮೊದಲು ರೋಗವನ್ನು ನೋಡೋಣ. ಸಹಾರಾ ಮರುಭೂಮಿಯಿಂದ ಕೆಳಗಿರುವ ಆಫ್ರಿಕಾದ 36 ದೇಶಗಳಲ್ಲಿ ತ್ಸೆತ್ಸೆ ಎಂಬ ನೊಣವಿದೆ. ನಮ್ಮ ಮನೆನೊಣಕ್ಕಿಂತ ಕೊಂಚ ದೊಡ್ಡದು. ಕೂತಾಗ ಕತ್ತರಿಯ ಎರಡು ಅಲಗುಗಳಂತೆ ರೆಕ್ಕೆಗಳನ್ನು ಒಂದರ ಮೇಲೊಂದು ಮಡಚಿಕೊಳ್ಳುತ್ತದೆ. ಗಂಡು, ಹೆಣ್ಣು ಎರಡೂ ರಕ್ತವನ್ನೇ ಕುಡಿದು ಬದುಕುತ್ತವೆ. ನದಿದಂಡೆಯಲ್ಲಿ ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ಕಾಡಂಚಿನ ಹೊಲದಲ್ಲಿ ಕೆಲಸ ಮಾಡುವವರು ಇದಕ್ಕೆ ಸಿಗುತ್ತಾರೆ. ನೊಣದ ಜೊಲ್ಲಿನೊಂದಿಗೆ ಚರ್ಮದೊಳಗೆ ಇಳಿಯುವ ಜೀವಿಯ ಹೆಸರು ಟ್ರಿಪನೊಸೋಮಾ ಬ್ರೂಸಿ. ಗ್ರೀಕ್ ಭಾಷೆಯಲ್ಲಿ 'ಟ್ರಿಪನೊನ್' ಎಂದರೆ ಬಡಗಿಯ ಬೈರಿಗೆ, 'ಸೋಮಾ' ಎಂದರೆ ಮೈ. ಬೈರಿಗೆಯಂಥ ಮೈಯುಳ್ಳದ್ದು. ಉಳಿದರ್ಧ ಹೆಸರು ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರದು. ದಕ್ಷಿಣ ಆಫ್ರಿಕಾದ ಜುಲು ನಾಡಿನಲ್ಲಿ ದನಗಳನ್ನು ಸಾಯಿಸುತ್ತಿದ್ದ 'ನಗಾನಾ' ರೋಗವನ್ನು ಪತ್ತೆ ಮಾಡಲು 1894ರಲ್ಲಿ ಹೋದ ಬ್ರೂಸ್, ಅಲ್ಲಿ ಪತ್ನಿ ಮೇರಿಯ ನೆರವಿನಿಂದ ದನದ ರಕ್ತದಲ್ಲಿ ಈ ಜೀವಿಯನ್ನು ಗುರುತಿಸಿದರು.

ಈ ಪರಾವಲಂಬಿ ಈಜುವ ವಿಡಿಯೊ ಒಮ್ಮೆ ನೋಡಿದರೆ ಹೆಸರು ಏಕೆ ಬಂತೆಂದು ಕೇಳಬೇಕಾಗಿಲ್ಲ. ಅರಿಶಿನ ಬೆರೆತ ಗಾಜಿನ ಬಿಲ್ಲೆಗಳಂತೆ ಮಸುಕಾಗಿ ಕಾಣುವ ಕೆಂಪು ರಕ್ತಕಣಗಳ ನಡುವೆ ಒಂದು ತೆಳ್ಳನೆಯ, ಪಾರದರ್ಶಕ ಎಳೆ ತಿರುಚಿಕೊಳ್ಳುತ್ತ ನುಗ್ಗುತ್ತದೆ. ಬಾಲದ ಎಳೆಯೊಂದು ಮೈಗುಂಟ ಅಂಟಿಕೊಂಡಿದ್ದು, ಅದು ಬಡಿದಾಗಲೆಲ್ಲ ಇಡೀ ಮೈ ಅಲೆಅಲೆಯಾಗಿ ಸುತ್ತುತ್ತದೆ. ರಕ್ತಕಣಗಳು ಸಂತೆಯಲ್ಲಿ ಗೂಳಿ ನುಗ್ಗಿದಾಗ ಜನ ಸರಿಯುವಂತೆ ಅಕ್ಕಪಕ್ಕಕ್ಕೆ ಸರಿಯುತ್ತವೆ. ಉದ್ದ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗ, ಅಷ್ಟೇ.

ಮೊದಲ ಹಂತದಲ್ಲಿ ಜ್ವರ, ತಲೆನೋವು, ಕೀಲುನೋವು, ತುರಿಕೆ. ಕುತ್ತಿಗೆಯ ಹಿಂಭಾಗದ ಗ್ರಂಥಿಗಳು ಊದಿಕೊಳ್ಳುತ್ತವೆ. 1803ರಲ್ಲಿ ಥಾಮಸ್ ವಿಂಟರ್‌ಬಾಟಮ್ ಎಂಬ ವೈದ್ಯರು ಈ ಊತದ ಬಗ್ಗೆ ಬರೆದರು. ಕುತ್ತಿಗೆಯಲ್ಲಿ ಗಂಟಿದ್ದವರನ್ನು ಗುಲಾಮರ ವ್ಯಾಪಾರಿಗಳು ಕೊಳ್ಳುತ್ತಿರಲಿಲ್ಲ. ಮನುಷ್ಯರನ್ನು ಸರಕಿನಂತೆ ತಡವಿ ನೋಡಿದ ಕೈಗಳಿಗೆ ರೋಗದ ಗುರುತು ವೈದ್ಯರಿಗಿಂತ ಮೊದಲೇ ತಿಳಿದಿತ್ತು ಎಂಬುದು ಈ ಚರಿತ್ರೆಯಲ್ಲಿ ನನ್ನನ್ನು ಬಹಳ ಕಲಕಿದ ಸಂಗತಿ.

ಎರಡನೆಯ ಹಂತದಲ್ಲಿ ಪರಾವಲಂಬಿ ಮಿದುಳನ್ನು ಸೇರುತ್ತದೆ. ಹೆಸರು ಕೇಳಿದವರು ರೋಗಿ ಸದಾ ನಿದ್ರಿಸುತ್ತಾನೆ ಎಂದುಕೊಳ್ಳುತ್ತಾರೆ. ವಾಸ್ತವವಾಗಿ ಹೆಚ್ಚುವುದು ನಿದ್ರೆಯ ಪ್ರಮಾಣವಲ್ಲ, ಕೆಡುವುದು ಅದರ ಹೊತ್ತು. ಹಗಲಲ್ಲಿ ಊಟದ ತುತ್ತು ಕೈಯಲ್ಲಿರುವಾಗಲೇ ತೂಕಡಿಕೆ, ರಾತ್ರಿಯಿಡೀ ಎಚ್ಚರ. ಮಾತು ತೊದಲುತ್ತದೆ, ಸ್ವಭಾವ ಬದಲಾಗುತ್ತದೆ. ಮೃದುವಾಗಿದ್ದವರು ಸಿಡುಕುತ್ತಾರೆ, ಮನೆಯವರ ಮೇಲೆ ಕೈಮಾಡುತ್ತಾರೆ. ಎಷ್ಟೋ ಹಳ್ಳಿಗಳಲ್ಲಿ ಇದನ್ನು ಹುಚ್ಚು ಅಥವಾ ಮಾಟ ಎಂದು ತಿಳಿದವರಿದ್ದಾರೆ. 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಸೋಂಕು ತಗುಲಿದ ಇಲಿಗಳಲ್ಲಿ ದೇಹದ ಒಳಗಡಿಯಾರವೇ ವೇಗವಾಗಿ ಓಡತೊಡಗುತ್ತದೆ ಎಂದು ತೋರಿಸಿತು. ನಿದ್ರೆ ಕೆಡುವುದಷ್ಟೇ ಅಲ್ಲ, ಮೈಗೆ ಹಗಲು ಯಾವುದು, ಇರುಳು ಯಾವುದು ಎಂಬ ಲೆಕ್ಕವೇ ತಪ್ಪುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಕೊನೆಗೆ ಪ್ರಜ್ಞೆ ತಪ್ಪಿ ಸಾವು. 1900ರಿಂದ 1920ರವರೆಗೆ ವಿಕ್ಟೋರಿಯಾ ಸರೋವರದ ಸುತ್ತಲಿನ ಉಗಾಂಡಾ ಪ್ರದೇಶದಲ್ಲಿ ಸುಮಾರು 2.5 ಲಕ್ಷ ಜನ ಹೀಗೆ ಸತ್ತರು.

ಮನುಷ್ಯರಿಗೆ ರೋಗ ತರುವ ಉಪಜಾತಿಗಳು ಎರಡು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಗ್ಯಾಂಬಿಯೆನ್ಸ್ ನಿಧಾನದ್ದು, ವರ್ಷಗಟ್ಟಲೆ ಒಳಗೊಳಗೇ ಇರುತ್ತದೆ. ಬಹುಪಾಲು ರೋಗಿಗಳು ಇದರವರು. ಪೂರ್ವ ಭಾಗದ ರೊಡೇಸಿಯೆನ್ಸ್ ವಾರಗಳಲ್ಲಿ, ತಿಂಗಳುಗಳಲ್ಲಿ ಮುಗಿಸಿಬಿಡುತ್ತದೆ. ರಾಸ್ ಎಣಿಸಿದ್ದು ಈ ಎರಡನೆಯದನ್ನು.

ಈಗ ಆ ಅಲೆಗಳಿಗೆ ಬರೋಣ.

ಮಲೇರಿಯಾದ ಪರಾವಲಂಬಿ ಕೆಂಪು ರಕ್ತಕಣದೊಳಗೆ ಅಡಗುತ್ತದೆ. ನಮ್ಮ ಬಿಹಾರದಲ್ಲಿ ಕಾಡುವ ಕಾಲಾ ಅಜಾರ್ ರೋಗದ ಲೀಶ್ಮೇನಿಯಾ, ಟ್ರಿಪನೊಸೋಮಾದ ಹತ್ತಿರದ ಸಂಬಂಧಿ, ನಮ್ಮನ್ನು ಕಾಯಬೇಕಾದ ಬಿಳಿ ರಕ್ತಕಣಗಳ ಹೊಟ್ಟೆಯಲ್ಲೇ ಮನೆ ಮಾಡುತ್ತದೆ. ನಿದ್ರಾರೋಗದ ಜೀವಿ ಹಾಗೆ ಎಲ್ಲಿಯೂ ಅಡಗುವುದಿಲ್ಲ. ಯಾವ ಜೀವಕೋಶದ ಒಳಗೂ ಹೋಗದೆ, ರೋಗಾಣುವಿನ ಗುರುತು ಹಿಡಿದು ಅಂಟಿಕೊಳ್ಳುವ ಪ್ರತಿಕಾಯಗಳೆಂಬ ಪ್ರೋಟೀನುಗಳು ಗಸ್ತು ತಿರುಗುವ ರಕ್ತದ ನಡುಹೊಳೆಯಲ್ಲೇ ಈಜುತ್ತದೆ. ಹೀಗೆ ಬಯಲಲ್ಲಿ ನಿಂತವನು ಬದುಕಬೇಕಾದರೆ ಒಂದೇ ದಾರಿ: ಗುರುತು ಸಿಗಬಾರದು.

1969ರಲ್ಲಿ ಕೀತ್ ವಿಕರ್‌ಮನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಈ ಜೀವಿಯ ಮೈಮೇಲೆ ಒಂದು ದಟ್ಟ ಹೊದಿಕೆ ಇದೆ ಎಂದರು. 1975ರಲ್ಲಿ ಜಾರ್ಜ್ ಕ್ರಾಸ್ ಆ ಹೊದಿಕೆಯನ್ನು ಬೇರ್ಪಡಿಸಿ, ಅದು ಒಂದೇ ಬಗೆಯ ಪ್ರೋಟೀನಿನಿಂದ ಆದದ್ದು ಎಂದು ತೋರಿಸಿದರು. ಸುಮಾರು 1 ಕೋಟಿ ಅಣುಗಳು, ಎಲ್ಲವೂ ತದ್ರೂಪ, ಕಂಬಳಿಯ ನೂಲಿನಂತೆ ಒತ್ತೊತ್ತಾಗಿ ನಿಂತಿರುತ್ತವೆ. ಈ ಪ್ರೋಟೀನಿಗೆ ವಿಎಸ್‌ಜಿ ಎಂದು ಹೆಸರು. ನಮ್ಮ ರೋಗನಿರೋಧಕ ವ್ಯವಸ್ಥೆಗೆ ಕಾಣುವುದು ಬಹುಮಟ್ಟಿಗೆ ಈ ಅಂಗಿ ಮಾತ್ರ, ಒಳಗಿನ ಮೈ ಅಲ್ಲ. ದೇಹ ನಾಲ್ಕೈದು ದಿನ ಶ್ರಮಪಟ್ಟು ಆ ಅಂಗಿಯನ್ನು ಹಿಡಿಯುವ ಪ್ರತಿಕಾಯ ತಯಾರಿಸುತ್ತದೆ, ಆ ಅಂಗಿ ತೊಟ್ಟವರನ್ನೆಲ್ಲ ಕೊಲ್ಲುತ್ತದೆ. ಆದರೆ ಅಷ್ಟರಲ್ಲಿ ಕೆಲವು ಪರಾವಲಂಬಿಗಳು ಬೇರೆ ಅಂಗಿ ತೊಟ್ಟಾಗಿರುತ್ತದೆ. ಅವು ಬೆಳೆದು ಮುಂದಿನ ಅಲೆಯಾಗುತ್ತವೆ. ರಾಸ್ ಬರೆದ ನಕ್ಷೆಯ ಪ್ರತಿ ಏರೂ ಒಂದು ಹೊಸ ವೇಷದ ಪ್ರವೇಶ.

ಇಲ್ಲಿ ಸಾಮಾನ್ಯವಾಗಿ ಒಂದು ತಪ್ಪು ತಿಳಿವಳಿಕೆ ಆಗುತ್ತದೆ. ಪರಾವಲಂಬಿಗೆ ಅಪಾಯ ಗೊತ್ತಾಗಿ, ಅದು ಉಪಾಯ ಹೂಡಿ ಅಂಗಿ ಬದಲಿಸುವುದಿಲ್ಲ. ಪ್ರತಿಕಾಯ ಬರಲಿ, ಬಾರದಿರಲಿ, ಆರೇಳು ಗಂಟೆಗೊಮ್ಮೆ ಇಬ್ಭಾಗವಾಗಿ ಬೆಳೆಯುವ ಆ ಲಕ್ಷಾಂತರ ಜೀವಿಗಳಲ್ಲಿ ಎಲ್ಲೋ ಒಂದೆರಡು ಸುಮ್ಮನೆ, ಯಾವ ಪ್ರಚೋದನೆಯೂ ಇಲ್ಲದೆ, ಅಂಗಿ ಬದಲಿಸುತ್ತಲೇ ಇರುತ್ತವೆ. ದಾಳಿ ಬಂದಾಗ ಉಳಿಯುವವು ಅವು. ರಾಗಿ ಹೊಲಕ್ಕೆ ರೋಗ ಬಿದ್ದಾಗ ನೂರು ತೆನೆಗಳಲ್ಲಿ ಬೇರೆ ತಳಿಯ ಒಂದು ತೆನೆ ಉಳಿದುಕೊಂಡು ಮುಂದಿನ ವರ್ಷಕ್ಕೆ ಅದೇ ಬೀಜವಾಗುವಂತೆ.

ಅಂಗಿಗಳು ಎಷ್ಟಿರಬಹುದು? 2005ರ ಜುಲೈಯಲ್ಲಿ ಈ ಜೀವಿಯ ಪೂರ್ತಿ ವಂಶವಾಹಿ ನಕ್ಷೆ ಪ್ರಕಟವಾದಾಗ ಉತ್ತರ ಸಿಗತೊಡಗಿತು. ಒಟ್ಟು ಸುಮಾರು 9,000 ವಂಶವಾಹಿಗಳು. ಇಂದಿನ ಎಣಿಕೆಯಂತೆ ಅಂಗಿಯ ವಂಶವಾಹಿಗಳೇ 2,000ಕ್ಕಿಂತ ಹೆಚ್ಚು. ಇಷ್ಟೊಂದು ಚಿಕ್ಕ ಜೀವಿ ತನ್ನ ಆಸ್ತಿಯಲ್ಲಿ ಇಷ್ಟು ದೊಡ್ಡ ಪಾಲನ್ನು ಬರೀ ವೇಷಕ್ಕೆ ಎತ್ತಿಟ್ಟಿದೆ.

ಯಕ್ಷಗಾನದ ಚೌಕಿಯನ್ನು ನೆನಪಿಸಿಕೊಳ್ಳಿ. ಪೆಟ್ಟಿಗೆ ಪೆಟ್ಟಿಗೆ ವೇಷಭೂಷಣಗಳಿರುತ್ತವೆ, ಆದರೆ ಒಬ್ಬ ಕಲಾವಿದ ಒಂದು ಹೊತ್ತಿಗೆ ತೊಡುವುದು ಒಂದೇ ವೇಷ. ಅರ್ಧ ದೇವೇಂದ್ರ, ಅರ್ಧ ರಕ್ಕಸ ಆಗಿ ರಂಗಕ್ಕೆ ಬಂದರೆ ಆಟ ಕೆಟ್ಟಿತು. ಪರಾವಲಂಬಿಗೂ ಇದೇ ಕಟ್ಟುಪಾಡು. ಎರಡು ಅಂಗಿಗಳನ್ನು ಒಟ್ಟಿಗೆ ತೊಟ್ಟರೆ ದೇಹಕ್ಕೆ ಎರಡರ ಗುರುತೂ ಸಿಕ್ಕಿ, ಒಂದು ವೇಷ ವ್ಯರ್ಥವಾಗುತ್ತದೆ. ಹಾಗಾಗಿ ಎರಡು ಸಾವಿರದಲ್ಲಿ ಒಂದು ಮಾತ್ರ ಕೆಲಸ ಮಾಡಬೇಕು, ಉಳಿದೆಲ್ಲವೂ ಬಾಯಿ ಮುಚ್ಚಿರಬೇಕು. ಇದು ಹೇಗೆ ಸಾಧ್ಯ ಎಂಬುದು ದಶಕಗಳ ಕಾಲ ಬಗೆಹರಿಯದ ಒಗಟಾಗಿತ್ತು.

ಅಂಗಿಯ ವಂಶವಾಹಿ ಓದಿಸಿಕೊಳ್ಳಬೇಕಾದರೆ ಅದು ವರ್ಣತಂತುವಿನ ತುದಿಯಲ್ಲಿರುವ ವಿಶೇಷ ಜಾಗದಲ್ಲಿ ಕೂರಬೇಕು. ಅಂಥ ಜಾಗಗಳು ಸುಮಾರು ಹದಿನೈದು. 2001ರಲ್ಲಿ ಮಿಗೆಲ್ ನವಾರೊ ಮತ್ತು ಕೀತ್ ಗಲ್ ಕೋಶಕೇಂದ್ರದೊಳಗೆ ಒಂದು ಪುಟ್ಟ ಚುಕ್ಕೆಯನ್ನು ಕಂಡರು. ವಂಶವಾಹಿಯನ್ನು ಓದುವ ಯಂತ್ರಾಂಗವೆಲ್ಲ ಅಲ್ಲಿ ಗುಂಪುಗೂಡಿತ್ತು, ಹದಿನೈದರಲ್ಲಿ ಒಂದು ಜಾಗ ಮಾತ್ರ ಅದರೊಳಗಿತ್ತು. ಚೌಕಿಯಲ್ಲಿ ಒಂದೇ ಕನ್ನಡಿ, ಅದರ ಮುಂದೆ ಒಬ್ಬನಿಗೆ ಮಾತ್ರ ಜಾಗ. 2016ರಿಂದ ಈಚೆಗೆ ಡೇವಿಡ್ ಹಾರ್ನ್ ಅವರ ಡಂಡೀ ವಿಶ್ವವಿದ್ಯಾಲಯದ ತಂಡ ಆ ಜಾಗಕ್ಕೆ ಕಾವಲು ನಿಲ್ಲುವ ಪ್ರೋಟೀನುಗಳನ್ನು ಗುರುತಿಸಿತು. ಆ ಕಾವಲನ್ನು ತೆಗೆದುಬಿಟ್ಟರೆ ಪರಾವಲಂಬಿ ಹಲವು ಅಂಗಿಗಳನ್ನು ಒಮ್ಮೆಲೇ ತೊಡತೊಡಗುತ್ತದೆ. ಹೊಸ ಅಂಗಿ ಬೇಕಾದಾಗ ಹೆಚ್ಚಾಗಿ ಆಗುವುದು ಹೀಗೆ: ಪೆಟ್ಟಿಗೆಯಲ್ಲಿದ್ದ ಒಂದು ವಂಶವಾಹಿಯ ನಕಲು ತಯಾರಾಗಿ, ಕನ್ನಡಿಯ ಮುಂದಿದ್ದ ಹಳೆಯದರ ಜಾಗಕ್ಕೆ ಬಂದು ಕೂರುತ್ತದೆ. ಹಳೆಯದು ಅಲ್ಲಿಂದ ಅಳಿಸಿಹೋಗುತ್ತದೆ.

ಇನ್ನೂ ಒಂದು ಅಚ್ಚರಿ ಇದೆ. ಆ ಎರಡು ಸಾವಿರದಲ್ಲಿ ಹೆಚ್ಚಿನವು ಹರಿದ ಬಟ್ಟೆಗಳು. ನಡುವೆ ತುಂಡಾದವು, ಅಕ್ಷರ ತಪ್ಪಿದವು, ಒಂಟಿಯಾಗಿ ಕೆಲಸಕ್ಕೆ ಬಾರದವು. ಆದರೆ ಸೋಂಕು ದೀರ್ಘವಾದಂತೆ ಪರಾವಲಂಬಿ ಅವುಗಳ ತುಂಡುಗಳನ್ನು ಜೋಡಿಸಿ ಹೊಸ ಅಂಗಿ ಹೊಲಿಯುತ್ತದೆ. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆ, ಧೋತರದ ತುಂಡುಗಳಿಂದ ಕೌದಿ ಹೊಲಿದಂತೆ. ಹೀಗಾಗಿ ವೇಷಗಳ ಸಂಖ್ಯೆ ಎರಡು ಸಾವಿರಕ್ಕೆ ನಿಲ್ಲುವುದಿಲ್ಲ, ಅದಕ್ಕೆ ಕೊನೆಯೇ ಇಲ್ಲ ಎನ್ನಬೇಕು. 2015ರಲ್ಲಿ ಮೋನಿಕಾ ಮುಗ್ನಿಯರ್ ಮತ್ತು ಸಂಗಡಿಗರು ಇಲಿಗಳ ರಕ್ತದಲ್ಲಿ ಪ್ರತಿ ಅಲೆಯನ್ನೂ ಸೂಕ್ಷ್ಮವಾಗಿ ಪರೀಕ್ಷಿಸಿದರು. ಒಂದು ಅಲೆಗೆ ಒಂದೋ ಎರಡೋ ವೇಷ ಎಂದು ಎಲ್ಲರೂ ನಂಬಿದ್ದರು. ಅಲ್ಲಿ ಸಿಕ್ಕಿದ್ದು ಡಜನ್‌ಗಟ್ಟಲೆ.

ಅಂಗಿ ಬದಲಿಸುವ ಮುನ್ನವೇ ಪ್ರತಿಕಾಯ ಬಂದು ಹಿಡಿದರೆ? ಅದಕ್ಕೂ ಒಂದು ದಾರಿ ಇದೆ. 2007ರಲ್ಲಿ ಮಾರ್ಕುಸ್ ಎಂಗ್‌ಸ್ಟ್ಲರ್ ತಂಡ ತೋರಿಸಿದ ಈ ಸಂಗತಿ ನನಗೆ ಬಹಳ ಇಷ್ಟ. ಪರಾವಲಂಬಿ ಸದಾ ಮುಂದಕ್ಕೆ ಈಜುತ್ತಿರುತ್ತದಲ್ಲ, ಆಗ ಎದುರಿನ ರಕ್ತದ ಒತ್ತಡಕ್ಕೆ, ಪ್ರತಿಕಾಯ ಅಂಟಿಕೊಂಡ ಅಣುಗಳು ಗಾಳಿಗೆ ಸಿಕ್ಕ ಪಟದಂತೆ ಹಿಂದಕ್ಕೆ ತಳ್ಳಲ್ಪಟ್ಟು ಜಾರುತ್ತವೆ. ಹಿಂತುದಿಯ ಹತ್ತಿರ ಒಂದು ಪುಟ್ಟ ಕಿಸೆ ಇದೆ. ಅವೆಲ್ಲ ಅದರೊಳಗೆ ಬೀಳುತ್ತವೆ. ಜೀವಿ ಅವನ್ನು ನುಂಗಿ, ಪ್ರತಿಕಾಯವನ್ನು ಜೀರ್ಣಿಸಿ, ಅಂಗಿಯ ಅಣುವನ್ನು ಒಗೆದ ಬಟ್ಟೆಯಂತೆ ಮರಳಿ ಮೈಮೇಲೆ ಹೊದ್ದುಕೊಳ್ಳುತ್ತದೆ. ಇದೆಲ್ಲ ಕೆಲವೇ ನಿಮಿಷಗಳ ಕೆಲಸ. ಪ್ರತಿಕಾಯಗಳ ಸಂಖ್ಯೆ ಕಡಿಮೆ ಇರುವ ಆರಂಭದ ದಿನಗಳಲ್ಲಿ ಈ ಈಜೇ ಅದರ ಪ್ರಾಣ ಉಳಿಸುತ್ತದೆ.

ನಿದ್ರಾರೋಗಕ್ಕೆ ಲಸಿಕೆ ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಲಸಿಕೆ ಎಂದರೆ ದೇಹಕ್ಕೆ ಶತ್ರುವಿನ ಚಿತ್ರ ತೋರಿಸುವುದು. ಯಾವ ಚಿತ್ರ ತೋರಿಸಬೇಕು? ಸಾಲದೆಂಬಂತೆ ಈ ಸೋಂಕು ಪ್ರತಿಕಾಯ ತಯಾರಿಸುವ ಕೋಶಗಳನ್ನೇ ಹಾಳುಗೆಡವಿ, ದೇಹದ ಹಳೆಯ ನೆನಪುಗಳನ್ನೂ ಅಳಿಸುತ್ತದೆ ಎಂದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಅಂಗಿಯ ಮರೆಯಲ್ಲಿರುವ, ಬದಲಾಗದ ಪ್ರೋಟೀನುಗಳನ್ನು ಹುಡುಕುವ ಕೆಲಸ ನಡೆದಿದೆ. 2021ರಲ್ಲಿ ದನಗಳ ರೋಗಕ್ಕೆ ಕಾರಣವಾದ ಇನ್ನೊಂದು ಟ್ರಿಪನೊಸೋಮಾದ ಬಾಲದ ಎಳೆಯ ಮೇಲೆ ಅಂಥ ಒಂದು ಪ್ರೋಟೀನು ಸಿಕ್ಕಿ, ಇಲಿಗಳಿಗೆ ರಕ್ಷಣೆ ಕೊಟ್ಟಿತು. ಅದು ಭರವಸೆಯ ಸುದ್ದಿ, ಆದರೆ ಮನುಷ್ಯರ ಲಸಿಕೆಯ ದಾರಿ ಇನ್ನೂ ಉದ್ದವಿದೆ.

ಅಲೆ ಇಳಿಯುವುದಕ್ಕೆ ಪ್ರತಿಕಾಯವೊಂದೇ ಕಾರಣವೂ ಅಲ್ಲ. ಸಂಖ್ಯೆ ವಿಪರೀತ ಏರಿದರೆ ರೋಗಿ ಬೇಗ ಸಾಯುತ್ತಾನೆ, ನೊಣ ಕಚ್ಚುವ ಮೊದಲೇ ಆಶ್ರಯ ಹೋಗುತ್ತದೆ. ಎಡಿನ್‌ಬರೋದ ಕೀತ್ ಮ್ಯಾಥ್ಯೂಸ್ ತಂಡ ವರ್ಷಗಳ ದುಡಿಮೆಯಿಂದ ತೋರಿಸಿದ್ದೇನೆಂದರೆ, ಈ ಜೀವಿಗಳು ತಮ್ಮ ಸುತ್ತ ಎಷ್ಟು ಮಂದಿ ಇದ್ದಾರೆಂದು ಅಳೆಯಬಲ್ಲವು. ಅವು ಹೊರಬಿಡುವ ಕಿಣ್ವಗಳು ರಕ್ತದ ಪ್ರೋಟೀನುಗಳನ್ನು ಚೂರು ಮಾಡುತ್ತವೆ. ಚೂರು ಹೆಚ್ಚಾದಷ್ಟೂ ಜನ ಹೆಚ್ಚು ಎಂದು ಅರ್ಥ. ಆಗ ಅವು ಬೆಳೆಯುವುದನ್ನು ನಿಲ್ಲಿಸಿ, ಮೊಂಡಾಗಿ, ಗಿಡ್ಡಾಗಿ, ನೊಣದ ಹೊಟ್ಟೆ ಸೇರಲು ಸಿದ್ಧವಾಗಿ ಕಾಯುತ್ತವೆ.

ಇನ್ನು ಮನುಷ್ಯರ ಕಡೆಯ ಆಯುಧ. ಬ್ರೂಸ್ ಕಂಡ ಮೂಲ ಪರಾವಲಂಬಿ ದನಗಳನ್ನು ಕೊಲ್ಲುತ್ತದೆ, ಆದರೆ ಮನುಷ್ಯರಿಗೆ ಏನೂ ಮಾಡದು. ನಮ್ಮ ರಕ್ತದ್ರವದಲ್ಲಿ ಹಾಕಿದರೆ ಅದು ಉಬ್ಬಿ ಸಾಯುತ್ತದೆ. ಇದು 20ನೆಯ ಶತಮಾನದ ಆರಂಭದಿಂದಲೇ ಗೊತ್ತಿತ್ತು, ಕಾರಣ ತಿಳಿದಿರಲಿಲ್ಲ. 2003ರಲ್ಲಿ ಬ್ರಸೆಲ್ಸ್‌ನ ಎಟಿಯೆನ್ ಪೇಸ್ ಅವರ ತಂಡ ಆ ವಿಷವನ್ನು ಹೆಸರಿಸಿತು: ಎಪೊಎಲ್1 ಎಂಬ ಪ್ರೋಟೀನು. ಅದು ಕೆಲಸ ಮಾಡುವ ಬಗೆ ಗಾಳ ಹಾಕಿದಂತೆ. ಪರಾವಲಂಬಿಗೆ ಬೆಳೆಯಲು ಕಬ್ಬಿಣ ಬೇಕು. ಅದಕ್ಕಾಗಿ ರಕ್ತದಲ್ಲಿ ತೇಲುವ ಹಿಮೋಗ್ಲೋಬಿನ್ನನ್ನು ನುಂಗುತ್ತದೆ. ನಾವು 'ಒಳ್ಳೆಯ ಕೊಲೆಸ್ಟರಾಲ್' ಎಂದು ಕರೆಯುವ ಕಣಗಳಲ್ಲಿ ಕೆಲವು ಹಿಮೋಗ್ಲೋಬಿನ್ನನ್ನೂ, ಅದರ ಜೊತೆಗೆ ಎಪೊಎಲ್1 ಅನ್ನೂ ಹೊತ್ತು ಸಾಗುತ್ತವೆ. ಎರೆಹುಳುವಿನ ಆಸೆಗೆ ಮೀನು ಕೊಕ್ಕೆ ನುಂಗುತ್ತದೆ. ಒಳಹೋದ ಎಪೊಎಲ್1 ಪರಾವಲಂಬಿಯ ಜೀರ್ಣಚೀಲದ ಗೋಡೆಗೆ ತೂತು ಕೊರೆಯುತ್ತದೆ. ಬೈರಿಗೆಯ ಮೈಯವನಿಗೇ ಬೈರಿಗೆ ಹಾಕುತ್ತದೆ.

ಹಾಗಾದರೆ ಮನುಷ್ಯರಿಗೆ ರೋಗ ತರುವ ಎರಡು ಉಪಜಾತಿಗಳು ಹೇಗೆ ಬದುಕುತ್ತವೆ? ರೊಡೇಸಿಯೆನ್ಸ್ ತಯಾರಿಸುವ ಒಂದು ಪ್ರೋಟೀನು ಎಪೊಎಲ್1 ಅನ್ನು ತಬ್ಬಿ ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಗ್ಯಾಂಬಿಯೆನ್ಸ್‌ನಲ್ಲಿ ಆ ಕೆಲಸಕ್ಕೆ ಬೇರೊಂದು ಪ್ರೋಟೀನು ಇದೆ ಎಂದು 2013ರಲ್ಲಿ ತಿಳಿಯಿತು. ಈ ಎರಡೂ ಹುಟ್ಟಿದ್ದು ಎಲ್ಲಿಂದ ಗೊತ್ತೇ? ಹಳೆಯ ಅಂಗಿಗಳ ವಂಶವಾಹಿಗಳಿಂದ. ವೇಷದ ಪೆಟ್ಟಿಗೆಯ ಎರಡು ತುಂಡು ಬಟ್ಟೆಗಳು ಗುರಾಣಿಯಾಗಿ ಮಾರ್ಪಟ್ಟು ಮನುಕುಲದ ಮೇಲೆ ಬಂದವು.

ಈಗ ನಮ್ಮ ನಾಡಿಗೆ ಬರೋಣ. ತ್ಸೆತ್ಸೆ ನೊಣ ಭಾರತದಲ್ಲಿಲ್ಲ. ಆದರೆ ಈ ಪರಾವಲಂಬಿಯ ತೀರಾ ಹತ್ತಿರದ ಸಂಬಂಧಿ ಟ್ರಿಪನೊಸೋಮಾ ಇವಾನ್ಸಿ ಇಲ್ಲಿದೆ. ಅದು ತರುವುದು ಸರ್ರಾ ರೋಗ. ಕುದುರೆ, ಒಂಟೆ, ಎಮ್ಮೆ, ದನ, ನಾಯಿಗಳನ್ನು ಕಾಡುವ ಈ ರೋಗದ ಹೆಸರು ಕರ್ನಾಟಕದ ಪಶುವೈದ್ಯರಿಗೂ ಹೊಸದಲ್ಲ. 1880ರಲ್ಲಿ ಆಗಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಕುದುರೆ, ಒಂಟೆಗಳ ರಕ್ತದಲ್ಲಿ ಇದನ್ನು ಕಂಡರು. ಸಸ್ತನಿಗಳಿಗೆ ರೋಗ ತರುವ ಟ್ರಿಪನೊಸೋಮಾ ಪತ್ತೆಯಾದದ್ದು ಅದೇ ಮೊದಲು. ಆಫ್ರಿಕಾದ ಬ್ರೂಸಿಯೇ ತನ್ನ ಡಿಎನ್ಎಯ ಒಂದು ಭಾಗವನ್ನು ಕಳೆದುಕೊಂಡು ಇವಾನ್ಸಿಯಾಗಿದೆ. ಆ ಭಾಗವಿಲ್ಲದೆ ತ್ಸೆತ್ಸೆ ನೊಣದೊಳಗೆ ಬೆಳೆಯುವುದು ಅದಕ್ಕೆ ಅಸಾಧ್ಯ, ಆದ್ದರಿಂದಲೇ ಆ ನೊಣದ ಹಂಗು ತಪ್ಪಿತು. ದನಕುದುರೆಗಳನ್ನು ಕಚ್ಚುವ ದೊಡ್ಡ ನೊಣಗಳ ಬಾಯಿಗೆ ಅಂಟಿದ ರಕ್ತದಲ್ಲೇ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟುತ್ತ ಏಷ್ಯಾ, ದಕ್ಷಿಣ ಅಮೆರಿಕಗಳನ್ನು ತಲುಪಿತು.

ಇವಾನ್ಸಿಗೆ ಎಪೊಎಲ್1 ವಿರುದ್ಧ ಗುರಾಣಿ ಇಲ್ಲ. ಆದ್ದರಿಂದ ಸರ್ರಾ ಬಂದ ಎಮ್ಮೆಯ ಪಕ್ಕದಲ್ಲೇ ಮಲಗುವ ರೈತನಿಗೂ ಅದು ತಗುಲುವುದಿಲ್ಲ ಎಂದು ಎಲ್ಲರೂ ನಿಶ್ಚಿಂತೆಯಿಂದಿದ್ದರು. 2004ರಲ್ಲಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಒಬ್ಬ ರೈತನಿಗೆ ಬಿಟ್ಟು ಬಿಟ್ಟು ಜ್ವರ ಬರತೊಡಗಿತು. ರಕ್ತ ಪರೀಕ್ಷಿಸಿದಾಗ ಕಂಡದ್ದು ಬೈರಿಗೆಯಂತೆ ತಿರುಚುವ ಜೀವಿಗಳು. ಪರೀಕ್ಷೆಗಳು ಅದು ಇವಾನ್ಸಿ ಎಂದೇ ಹೇಳಿದವು. ರಾಸ್ 1910ರಲ್ಲಿ ಬರೆದಂಥ ಏರಿಳಿತ ಈ ಬಾರಿ ನಮ್ಮ ನೆರೆರಾಜ್ಯದ ಒಬ್ಬ ರೈತನ ರಕ್ತದಲ್ಲಿ.

ಆ ರೈತನ ರಕ್ತದ್ರವವನ್ನು ಪೇಸ್ ಅವರ ತಂಡ ಪರೀಕ್ಷಿಸಿತು. ಅದರಲ್ಲಿ ಎಪೊಎಲ್1 ಇರಲೇ ಇಲ್ಲ. ತಂದೆಯಿಂದ ಬಂದ ವಂಶವಾಹಿಯಲ್ಲೂ ತಾಯಿಯಿಂದ ಬಂದ ವಂಶವಾಹಿಯಲ್ಲೂ ಅಕ್ಷರ ತಪ್ಪಿತ್ತು. ಪ್ರಯೋಗಾಲಯದಲ್ಲಿ ತಯಾರಿಸಿದ ಎಪೊಎಲ್1 ಅನ್ನು ಆ ದ್ರವಕ್ಕೆ ಬೆರೆಸಿದೊಡನೆ ಅದಕ್ಕೆ ಪರಾವಲಂಬಿಯನ್ನು ಕೊಲ್ಲುವ ಶಕ್ತಿ ಬಂತು. 2006ರಲ್ಲಿ ಈ ವರದಿ ಪ್ರಕಟವಾಯಿತು. ನಮ್ಮಲ್ಲಿ ಪ್ರತಿಯೊಬ್ಬರೂ ದಿನವೂ, ಅರಿವಿಲ್ಲದೆಯೇ, ಈ ಒಂದು ಪ್ರೋಟೀನಿನ ರಕ್ಷಣೆಯಲ್ಲಿ ಬದುಕುತ್ತಿದ್ದೇವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ. ರೈತನಿಗೆ ಸುರಾಮಿನ್ ಔಷಧಿ ಕೊಟ್ಟರು, ವಾಸಿಯಾಯಿತು.

ಎಪೊಎಲ್1 ಕಥೆಗೆ ಇನ್ನೊಂದು ಮುಖವೂ ಇದೆ, ಅದು ನೋವಿನದು. ಆಫ್ರಿಕಾ ಮೂಲದ ಕೆಲವರಲ್ಲಿ ಈ ಪ್ರೋಟೀನಿನ ಬದಲಾದ ರೂಪಗಳಿವೆ. ಅವುಗಳಲ್ಲಿ ಒಂದು ರೊಡೇಸಿಯೆನ್ಸ್‌ನ ಗುರಾಣಿಯನ್ನೂ ಮೀರಿ ಅದನ್ನು ಕೊಲ್ಲಬಲ್ಲದು. ಆದರೆ ಅಂಥ ರೂಪ ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮೂತ್ರಪಿಂಡ ಕೆಡುವ ಅಪಾಯ ಬಹಳ ಹೆಚ್ಚುತ್ತದೆ ಎಂದು 2010ರಲ್ಲಿ ತಿಳಿಯಿತು. ಅಮೆರಿಕದ ಕಪ್ಪು ಜನರಲ್ಲಿ ಮೂತ್ರಪಿಂಡದ ಕಾಯಿಲೆ ಏಕೆ ಹೆಚ್ಚು ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಅಲ್ಲಿದೆ. ಅಜ್ಜ ಅಜ್ಜಿಯರನ್ನು ನೊಣದ ಕಚ್ಚಿನಿಂದ ಕಾಪಾಡಿದ ವರ, ನೊಣವೇ ಇಲ್ಲದ ನಾಡಿನಲ್ಲಿ ಮೊಮ್ಮಕ್ಕಳ ಮೇಲೆ ಹೊರೆಯಾಗಿ ಕೂತಿದೆ.

ಔಷಧಿಗಳ ಚರಿತ್ರೆ ಓದುವಾಗ ಕೈ ನಡುಗುತ್ತದೆ. ಮಿದುಳು ತಲುಪಿದ ರೋಗಕ್ಕೆ 1949ರಿಂದ ಬಹುಕಾಲ ಬಳಸಿದ್ದು ಮೆಲಾರ್ಸೊಪ್ರೋಲ್. ಅದು ಆರ್ಸೆನಿಕ್ ಎಂಬ ಪಾಷಾಣದಿಂದ ಆದದ್ದು. ಚುಚ್ಚುಮದ್ದು ರಕ್ತನಾಳಕ್ಕೆ ಇಳಿಯುವಾಗ ಬೆಂಕಿ ಹರಿದಂತಾಗುತ್ತದೆ ಎಂದು ರೋಗಿಗಳು ಹೇಳುತ್ತಿದ್ದರು. ಪ್ಲಾಸ್ಟಿಕ್ ಸಿರಿಂಜನ್ನು ಕರಗಿಸುವಷ್ಟು ಖಾರ, ಹಾಗಾಗಿ ಗಾಜಿನದೇ ಬೇಕಿತ್ತು. ಔಷಧಿ ಪಡೆದ ಇಪ್ಪತ್ತು ಜನರಲ್ಲಿ ಸುಮಾರು ಒಬ್ಬರು ಔಷಧಿಯಿಂದಲೇ ಸಾಯುತ್ತಿದ್ದರು. ಬೇರೆ ದಾರಿಯಿಲ್ಲದೆ ವೈದ್ಯರು ಅದನ್ನೇ ಕೊಡುತ್ತಿದ್ದರು.

1990ರಲ್ಲಿ ಎಫ್ಲಾರ್ನಿಥಿನ್ ಬಂತು. ಪ್ರಜ್ಞೆ ತಪ್ಪಿ ಮಲಗಿದವರನ್ನು ಎಬ್ಬಿಸಿ ಕೂರಿಸಿದ ಔಷಧಿ ಅದು. ಆದರೆ ಕೊಳ್ಳುವವರು ಬಡವರಾದ್ದರಿಂದ ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತಿತು. ಅದೇ ರಾಸಾಯನಿಕ 2000ದ ಹೊತ್ತಿಗೆ ಶ್ರೀಮಂತ ದೇಶಗಳಲ್ಲಿ ಹೆಂಗಸರ ಮುಖದ ಕೂದಲು ತಡೆಯುವ ಕ್ರೀಮಾಗಿ ಮಾರುಕಟ್ಟೆಗೆ ಬಂತು. ಸಾಯುವವರಿಗೆ ಇಲ್ಲದ ಔಷಧಿ ಸೌಂದರ್ಯಕ್ಕೆ ಸಿಕ್ಕಿತು. ಇದನ್ನು ಕಂಡು ವೈದ್ಯರು ಗಟ್ಟಿಯಾಗಿ ದನಿ ಎತ್ತಿದ ಮೇಲೆ, 2001ರಲ್ಲಿ ಕಂಪನಿ ವಿಶ್ವ ಆರೋಗ್ಯ ಸಂಸ್ಥೆಗೆ ಉಚಿತವಾಗಿ ಕೊಡಲು ಒಪ್ಪಿತು. ಆದರೂ ಅದು ಸುಲಭದ ಚಿಕಿತ್ಸೆಯಲ್ಲ. ಹದಿನಾಲ್ಕು ದಿನ, ದಿನಕ್ಕೆ ನಾಲ್ಕು ಬಾರಿ, ಒಟ್ಟು 56 ಸಲ ಡ್ರಿಪ್ ಏರಿಸಬೇಕು. ವಿದ್ಯುತ್ ಇಲ್ಲದ, ಒಬ್ಬಳೇ ನರ್ಸ್ ಇರುವ ಕಾಂಗೋ ಕಾಡಿನ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಡ್ರಿಪ್ ಬದಲಿಸುವುದನ್ನು ಊಹಿಸಿಕೊಳ್ಳಿ. 2009ರಲ್ಲಿ ಇನ್ನೊಂದು ಮಾತ್ರೆಯನ್ನು ಜೊತೆ ಸೇರಿಸಿ ಅದನ್ನು 14 ಸಲಕ್ಕೆ ಇಳಿಸಿದರು.

ನಿಜವಾದ ತಿರುವು ಡಿಎನ್‌ಡಿಐ ಎಂಬ ಲಾಭರಹಿತ ಸಂಸ್ಥೆಯಿಂದ ಬಂತು. 2005ರ ಸುಮಾರಿಗೆ ಅದರ ವಿಜ್ಞಾನಿಗಳು ಕಂಪನಿಗಳು ಕೈಬಿಟ್ಟ ಹಳೆಯ ರಾಸಾಯನಿಕಗಳ ಕಪಾಟು ಜಾಲಾಡಿ ಫೆಕ್ಸಿನಿಡಜೋಲ್ ಎಂಬುದನ್ನು ಹೊರತೆಗೆದರು. ಕಾಂಗೋದಲ್ಲಿ ವರ್ಷಗಟ್ಟಲೆ ಪರೀಕ್ಷೆ ನಡೆಸಿ, 2018ರಲ್ಲಿ ಯುರೋಪಿನ ಔಷಧ ಸಂಸ್ಥೆಯ ಒಪ್ಪಿಗೆ ಪಡೆದರು. ಹತ್ತು ದಿನ ಊಟದ ಜೊತೆ ಮಾತ್ರೆ, ಅಷ್ಟೇ. ಚಿಕಿತ್ಸೆ ಸರಳವಾದಂತೆ, ಊರೂರಿಗೆ ಹೋಗಿ ರಕ್ತ ಪರೀಕ್ಷಿಸುವ ತಂಡಗಳು, ನದಿದಂಡೆಯಲ್ಲಿ ನೊಣ ಸೆಳೆಯಲು ನೆಟ್ಟ ಔಷಧ ಲೇಪಿಸಿದ ನೀಲಿ ಬಟ್ಟೆಗಳು, ಎಲ್ಲವೂ ಸೇರಿ ಫಲ ಕೊಟ್ಟವು. 1998ರಲ್ಲಿ ವರದಿಯಾದ ರೋಗಿಗಳು ಸುಮಾರು 40,000. ಪತ್ತೆಯಾಗದವರು ಅದಕ್ಕಿಂತ ಎಷ್ಟೋ ಪಟ್ಟು ಎಂದು ಅಂದಾಜಿತ್ತು. 2018ರಿಂದ ವರ್ಷಕ್ಕೆ 1,000ಕ್ಕಿಂತ ಕಡಿಮೆ. ಟೋಗೊ 2020ರಲ್ಲಿ, ಚಾಡ್ 2024ರಲ್ಲಿ, ಗಿನಿ 2025ರಲ್ಲಿ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಈ ರೋಗವನ್ನು ನಿವಾರಿಸಿದ ದೇಶಗಳೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮಾನ್ಯತೆ ಪಡೆದವು. ಗ್ಯಾಂಬಿಯೆನ್ಸ್ ಹರಡುವುದನ್ನೇ 2030ಕ್ಕೆ ನಿಲ್ಲಿಸಬೇಕೆಂಬ ಗುರಿ ಇದೆ.

ಆ ಗುರಿಯ ದಾರಿಯಲ್ಲಿ ಒಂದು ಅಡ್ಡಿ ಇದೆ, ಅದು ಚರ್ಮದಲ್ಲಿದೆ. ರಕ್ತದಲ್ಲಿ ಪರಾವಲಂಬಿ ಕಾಣದಿದ್ದರೆ ಸೋಂಕಿಲ್ಲ ಎಂದು ನೂರು ವರ್ಷ ತಿಳಿದಿದ್ದೆವು. 2016ರಲ್ಲಿ ಗ್ಲ್ಯಾಸ್ಗೊ ವಿಶ್ವವಿದ್ಯಾಲಯದ ಅನೆಟ್ ಮ್ಯಾಕ್‌ಲಿಯೋಡ್ ತಂಡ ಕಾಂಗೋದಲ್ಲಿ 1990ರ ದಶಕದಲ್ಲಿ ಬೇರೊಂದು ರೋಗ ಹುಡುಕಲು ತೆಗೆದಿಟ್ಟಿದ್ದ 1,121 ಚರ್ಮದ ತುಣುಕುಗಳನ್ನು ಮತ್ತೆ ನೋಡಿತು. ಆರರಲ್ಲಿ ಟ್ರಿಪನೊಸೋಮಾ ಇತ್ತು. ಆ ಆರು ಮಂದಿಯಲ್ಲಿ ಯಾರಿಗೂ ನಿದ್ರಾರೋಗ ಇದೆಯೆಂದು ಆಗ ಗೊತ್ತಾಗಿರಲಿಲ್ಲ. ರಕ್ತದಲ್ಲಿ ಕಾಣದಿದ್ದರೂ ಚರ್ಮದಲ್ಲಿರುವ ಪರಾವಲಂಬಿಗಳು ಕಚ್ಚಿದ ನೊಣಕ್ಕೆ ದಾಟಬಲ್ಲವು ಎಂದು ಇಲಿಗಳ ಪ್ರಯೋಗವೂ ತೋರಿಸಿತು. ಅದೇ ವರ್ಷ ಲಿಸ್ಬನ್‌ನ ಲೂಯಿಸಾ ಫಿಗೆರೆಡೊ ತಂಡ ಇಲಿಗಳ ಕೊಬ್ಬಿನ ಪದರದಲ್ಲಿ ದೊಡ್ಡ ಸಂಖ್ಯೆಯಲ್ಲಿ ಇವನ್ನು ಕಂಡಿತು. 2024ರಲ್ಲಿ ಮುಗ್ನಿಯರ್ ಅವರ ತಂಡ ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಇಲಿಗಳಲ್ಲಿ ಹೊಸ ಹೊಸ ಅಂಗಿಗಳು ಹೆಚ್ಚಾಗಿ ಕಾಣಿಸುವುದು ರಕ್ತದಲ್ಲಲ್ಲ, ರಕ್ತನಾಳದ ಹೊರಗಿನ ಅಂಗಾಂಶಗಳಲ್ಲಿ. ರಾಸ್ ದಿನದಿನವೂ ಎಣಿಸಿದ್ದು ರಂಗಕ್ಕೆ ಬಂದ ವೇಷಗಳನ್ನು. ಚೌಕಿ ಚರ್ಮದ ಹಿಂದಿತ್ತು.

ಹೀಗಾಗಿ ಈಗ ಎಲ್ಲರ ಕಣ್ಣು ಅಕೋಜಿಬೊರೋಲ್ ಎಂಬ ಹೊಸ ಔಷಧಿಯ ಮೇಲಿದೆ. ಬೋರಾನ್ ಇರುವ ಈ ಅಣು ಪರಾವಲಂಬಿ ತನ್ನ ವಂಶವಾಹಿಯ ಸಂದೇಶಗಳನ್ನು ಕತ್ತರಿಸಿ ಸಿದ್ಧಪಡಿಸುವ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ. ಅಂಗಿ ಯಾವುದೇ ಇರಲಿ, ಆ ಕಿಣ್ವ ಬದಲಾಗದು. 2022ರಲ್ಲಿ ಪ್ರಕಟವಾದ, ಕಾಂಗೋ ಮತ್ತು ಗಿನಿಯ 208 ರೋಗಿಗಳ ಪರೀಕ್ಷೆಯಲ್ಲಿ, ರೋಗ ಮಿದುಳು ತಲುಪಿದ್ದವರಲ್ಲೂ ಹದಿನೆಂಟು ತಿಂಗಳ ಬಳಿಕ ಶೇಕಡ 95ರಷ್ಟು ಮಂದಿ ಗುಣವಾಗಿದ್ದರು. ಕೊಟ್ಟದ್ದು ಒಂದೇ ಸಲ, ಮೂರು ಮಾತ್ರೆ. ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದು ರೋಗ ಯಾವ ಹಂತದಲ್ಲಿದೆ ಎಂದು ನೋಡುವ ಆ ನೋವಿನ ಪರೀಕ್ಷೆ ಇಲ್ಲದೆಯೇ ಕೊಡಬಹುದಾದ ಚಿಕಿತ್ಸೆ. ರಕ್ತಪರೀಕ್ಷೆ ಅನುಮಾನ ತೋರಿಸಿದರೂ ಪರಾವಲಂಬಿ ಕಣ್ಣಿಗೆ ಬೀಳದ, ಆರೋಗ್ಯವಾಗಿಯೇ ಓಡಾಡಿಕೊಂಡಿರುವ ಹಳ್ಳಿಗರಿಗೆ ಕೊಟ್ಟೂ ಪರೀಕ್ಷಿಸಿದ್ದಾರೆ. ಚರ್ಮದ ಹಿಂದಿನ ಚೌಕಿಯನ್ನು ಬರಿದು ಮಾಡಬೇಕಾದರೆ ಮಾತ್ರೆ ತಲುಪಬೇಕಾದದ್ದು ಅವರ ಕೈಗೆ.